ಪಕ್ಕದ ಹೊಲಕ್ಕೆ ಪರಿಹಾರ ಬಂತು, ನಮಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ, ರೋಣ ತಾಲ್ಲೂಕು. ಅಪ್ಪನ ಹೆಸರಿನಲ್ಲಿ 7 ಎಕರೆ ಎರೆ ಹೊಲ ಇದೆ, ಖುಷ್ಕಿ (ಮಳೆಯಾಶ್ರಿತ). ಅಪ್ಪ ತೀರಿಕೊಂಡು ಏಳೆಂಟು ವರ್ಷ ಆಯಿತು. ಉತಾರ (ಪಹಣಿ) ಇನ್ನೂ ಅವರ ಹೆಸರಿನಲ್ಲೇ ಇದೆ. ನಾನು ಮತ್ತು ನಮ್ಮ ಅಣ್ಣ ಬಾಯಿಮಾತಿನಲ್ಲಿ ಅರ್ಧರ್ಧ ಹಂಚಿಕೊಂಡು ಮಾಡುತ್ತಿದ್ದೇವೆ. 2023ರ ಬರಗಾಲದಲ್ಲಿ ಹೆಸರು ಬೆಳೆ ಕೈಗೆ ಹತ್ತಲಿಲ್ಲ. ಪಕ್ಕದ ಹೊಲದವರಿಗೆ ಪರಿಹಾರ ಬಂತು, ನಮಗೆ ಒಂದು ರೂಪಾಯಿ ಬರಲಿಲ್ಲ. ನಮ್ಮ ಮನೆಯವರ (ಹೆಂಡತಿಯ) ಹೆಸರಿನಲ್ಲಿ 2 ಎಕರೆ ಇದೆ, ಎರಡು ಸರ್ವೆ ನಂಬರ್, ಒಂದೊಂದು ಎಕರೆ. ಅಲ್ಲೂ ಹೆಸರೇ ಹಾಕಿದ್ದೆವು. ಅದಕ್ಕೆ ಮೊದಲು 2,000, ಆಮೇಲೆ 1,440 ರೂಪಾಯಿ ಮಾತ್ರ ಬಂತು. ಅವರಿಗೆ ಬರುತ್ತಿದ್ದ ಕಿಸಾನ್ ಸಮ್ಮಾನ್ ಹಣ 2022ರ ದೀಪಾವಳಿ ಹೊತ್ತಿನಿಂದ ನಿಂತಿದೆ. ಗೃಹಲಕ್ಷ್ಮಿ ಹಣ ಮಾತ್ರ ಬರುತ್ತಿದೆ. ಸೋದರಮಾವನ 4 ಎಕರೆ ಲಾವಣಿಗೆ (ಗೇಣಿಗೆ) ಮಾಡುತ್ತೇನೆ, ಅದರ ಪರಿಹಾರ ನನಗೆ ಸಿಗುತ್ತದೆಯೇ? ಆಫೀಸಿನವರು ಬ್ಯಾಂಕಿಗೆ ಹೋಗಿ ಅನ್ನುತ್ತಾರೆ, ಬ್ಯಾಂಕಿನವರು ಆಫೀಸಿಗೆ ಹೋಗಿ ಅನ್ನುತ್ತಾರೆ. ಯಾರನ್ನು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು 1,440 ಅನ್ನುವ ಅಂಕಿ. ಅಲ್ಲಿಂದಲೇ ಶುರು ಮಾಡೋಣ.

2023ರಲ್ಲಿ ಖುಷ್ಕಿ ಬೆಳೆಗೆ ಪರಿಹಾರದ ದರ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 2 ಎಕರೆ 19 ಗುಂಟೆ. ಎಕರೆ ಲೆಕ್ಕದಲ್ಲಿ 3,440 ರೂಪಾಯಿ ಬೀಳುತ್ತದೆ. ಈಗ ನಿಮ್ಮ ಮನೆಯವರಿಗೆ ಬಂದ 2,000 ಮತ್ತು 1,440 ಕೂಡಿಸಿ. ಸರಿಯಾಗಿ ಒಂದು ಎಕರೆಯ ಹಣ. ಅಂದರೆ ಅವರ ಎರಡು ಸರ್ವೆ ನಂಬರಿನಲ್ಲಿ ಒಂದಕ್ಕೆ ಪೂರ್ತಿ ಪರಿಹಾರ ಬಂದಿದೆ. ಇನ್ನೊಂದು ಲೆಕ್ಕಕ್ಕೇ ಸಿಕ್ಕಿಲ್ಲ.

ಎರಡು ಕಂತು ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ರಾಜ್ಯ ಸರ್ಕಾರ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತ್ತು. ಅದು ತಡವಾದಾಗ ರಾಜ್ಯ ತನ್ನ ಕಡೆಯಿಂದ ಮೊದಲ ಕಂತು ಅಂತ ಒಬ್ಬೊಬ್ಬ ರೈತರಿಗೆ 2,000 ರೂಪಾಯಿವರೆಗೆ ಹಾಕಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಮೊದಲು ಕೊಟ್ಟ 2,000 ಮುರಿದುಕೊಂಡು ಉಳಿದದ್ದನ್ನು ಮೇ ತಿಂಗಳಿನಲ್ಲಿ ಖಾತೆಗೆ ಹಾಕಿದರು. ಹಾಗಾಗಿ ನಿಮ್ಮ 1,440.

ಈ ಹಣಕ್ಕೆ ಸರ್ಕಾರಿ ಕಾಗದದಲ್ಲಿ ಇನ್‌ಪುಟ್ ಸಬ್ಸಿಡಿ ಅನ್ನುತ್ತಾರೆ. ಹಾಳಾದ ಬೆಳೆಯ ಬೆಲೆ ಕಟ್ಟಿಕೊಡುವ ಹಣ ಅಲ್ಲ ಇದು. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರಕ್ಕೆ ಒಂದು ಆಸರೆ, ಅಷ್ಟೇ. ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿರಬೇಕು. ಖುಷ್ಕಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಒಬ್ಬರಿಗೆ ಎಷ್ಟೇ ಹೊಲ ಇದ್ದರೂ 2 ಹೆಕ್ಟೇರಿಗೆ ಮಾತ್ರ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇದರ ಮೇಲೆ ಸೇರಿಸಿ ಕೊಡಬಹುದು. 2025ರ ಅತಿಮಳೆಗೆ ಹೆಕ್ಟೇರಿಗೆ ಇನ್ನೂ 8,500 ಸೇರಿಸುವುದಾಗಿ ಹೇಳಿತು. ಆಗ ಖುಷ್ಕಿ ದರ 17,000 ಆಯಿತು. ಒಂದು ವರ್ಷ ಬಂದಷ್ಟೇ ಇನ್ನೊಂದು ವರ್ಷ ಬರಬೇಕು ಅಂತಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪಕ್ಕದ ಹೊಲದವರಿಗೆ ಬಂದು ನಿಮಗೆ ಯಾಕೆ ಬರಲಿಲ್ಲ?

ಊರಿನಲ್ಲಿ ಜನ ಸಾಮಾನ್ಯವಾಗಿ ಹೇಳುವುದು ಏನು ಗೊತ್ತಲ್ವಾ? ತಲಾಟಿ ಹೆಸರು ಬರೆದುಕೊಳ್ಳಲಿಲ್ಲ, ಅವರಿಗೆ ಬೇಕಾದವರದ್ದು ಮಾತ್ರ ಬರೆದುಕೊಂಡರು ಅಂತ. ಪ್ರವಾಹ, ಅತಿಮಳೆ ಆದಾಗ ಕಂದಾಯ ಮತ್ತು ಕೃಷಿ ಇಲಾಖೆಯವರು ಹೊಲಕ್ಕೆ ಬಂದು ಜಂಟಿ ಸಮೀಕ್ಷೆ ಮಾಡುತ್ತಾರೆ. ಆಗ ಬಿಟ್ಟುಹೋಗುವ ಮಾತು ಬರುತ್ತದೆ. ಆದರೆ 2023ರ ಬರ ಪರಿಹಾರದಲ್ಲಿ ಹಾಗೆ ಕೂತು ಪಟ್ಟಿ ಬರೆದವರು ಯಾರೂ ಇಲ್ಲ. ಕಂಪ್ಯೂಟರಿನಲ್ಲಿ ನಾಲ್ಕು ದಾಖಲೆ ಒಂದಕ್ಕೊಂದು ಹೊಂದಿಸಿ ನೋಡಿದರು. ಪಹಣಿಯಲ್ಲಿ ಮಾಲೀಕರು ಯಾರು, ಆ ಮಾಲೀಕರಿಗೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದೆಯೇ, ಆ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇತ್ತು ಅಂತ ಬೆಳೆ ಸಮೀಕ್ಷೆ ಹೇಳುತ್ತದೆ, ಅವರ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆ. ನಾಲ್ಕೂ ಹೊಂದಿದರೆ ಹಣ ಹೋಯಿತು. ಒಂದು ತಪ್ಪಿದರೂ ಅಲ್ಲೇ ನಿಂತಿತು. ಹೊಲದಲ್ಲಿ ಬೆವರು ಸುರಿಸಿದ್ದು ಯಾರು ಅಂತ ಆ ಲೆಕ್ಕ ಕೇಳುವುದೇ ಇಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ, ಅದನ್ನು ಲಾವಣಿ ವಿಷಯ ಬಂದಾಗ ಹೇಳುತ್ತೇನೆ. ಆದರೆ ವ್ಯವಸ್ಥೆ ಹೀಗಿರುವಾಗ, ನಿಮ್ಮ ಹಣ ನಾಲ್ಕರಲ್ಲಿ ಎಲ್ಲಿ ನಿಂತಿದೆ ಅಂತ ಮೊದಲು ತಿಳಿಯಬೇಕು.

ಅಪ್ಪನ 7 ಎಕರೆಗೆ ಅದು ಮೊದಲ ಬಾಗಿಲಲ್ಲೇ ನಿಂತಿದೆ. ಪಹಣಿಯ 9ನೇ ಕಾಲಂನಲ್ಲಿ ಅವರ ಹೆಸರಿದೆ. ಅವರು ಇಲ್ಲ. ಇಲ್ಲದವರ ಹೆಸರಿನಲ್ಲಿ ಎಫ್‌ಐಡಿ ಮಾಡಿಸಲು ಬರುವುದಿಲ್ಲ. ನಿಮ್ಮ ಆಧಾರ್ ಇಟ್ಟುಕೊಂಡು ಅವರ ಹೊಲ ಜೋಡಿಸಲೂ ಬರುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಹೊಲಕ್ಕೆ ರೈತರೇ ಇಲ್ಲದ ಹಾಗಾಯಿತು. ನೀವೊಬ್ಬರೇ ಅಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ತೀರಿಕೊಂಡವರ ಹೆಸರಿನಲ್ಲೇ ಇರುವುದು ಗೊತ್ತಾಯಿತು.

ಇದರಿಂದ ನಿಮಗೆ ಎಷ್ಟು ನಷ್ಟ ಆಯಿತು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ಕೆಲಸ ಮುಂದೂಡುತ್ತಾ ಬಂದವರಿಗೆ ಲೆಕ್ಕ ನೋಡಿದಾಗಲೇ ಮನಸ್ಸು ಬರುವುದು. ಅಪ್ಪ ಬದುಕಿದ್ದು, ಎಲ್ಲಾ ದಾಖಲೆ ಸರಿ ಇದ್ದಿದ್ದರೂ 7 ಎಕರೆಗೆ ಪೂರ್ತಿ ಬರುತ್ತಿರಲಿಲ್ಲ. 2 ಹೆಕ್ಟೇರ್ ಮಿತಿ ಇದೆಯಲ್ಲ, ಅದು 4 ಎಕರೆ 38 ಗುಂಟೆಗೆ ಮುಗಿಯಿತು. ಸಿಗುತ್ತಿದ್ದದ್ದು 17,000. ಅದೇ ನಿಮ್ಮ ಹೆಸರಿಗೆ ಮೂರೂವರೆ, ಅಣ್ಣನ ಹೆಸರಿಗೆ ಮೂರೂವರೆ ಎಕರೆ ಪಹಣಿ ಆಗಿದ್ದರೆ ಇಬ್ಬರಿಗೂ ತಲಾ 12,000ದ ಆಸುಪಾಸು ಬರುತ್ತಿತ್ತು. ಎರಡೂ ಸೇರಿ 24,000. ಬಂದಿದ್ದು ಸೊನ್ನೆ. 2023ರ ಒಂದು ಮುಂಗಾರಿನ ಲೆಕ್ಕ ಇದು.

ಹಾಗಾಗಿ ಮೊದಲ ಕೆಲಸ ಪೌತಿ ಖಾತೆ. ನಿಮ್ಮ ಕಡೆ ವಾರಸಾ ಅನ್ನುತ್ತಾರೆ. ಅಪ್ಪನ ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶಾವಳಿ, ಎಲ್ಲರ ಆಧಾರ್, ಪಹಣಿ ಇಷ್ಟು ಜೋಡಿಸಿಕೊಂಡು ಅರ್ಜಿ ಕೊಡಿ. ನೋಟಿಸ್ ಅವಧಿ ಮುಗಿದು, ತಕರಾರು ಬರದಿದ್ದರೆ ಪಹಣಿಯಲ್ಲಿ ಹೆಸರು ಬರುತ್ತದೆ.

ಇಲ್ಲಿ ಒಂದು ಮಾತು ಕೇಳಬೇಕು. ನಿಮ್ಮ ಪತ್ರದಲ್ಲಿ ನೀವು, ಅಣ್ಣ ಇಬ್ಬರೇ ಇದ್ದೀರಿ. ಅವ್ವ ಇದ್ದಾರೆಯೇ? ಅಕ್ಕ ತಂಗಿಯರು ಇದ್ದಾರೆಯೇ? ಇದ್ದರೆ ವಂಶಾವಳಿಯಲ್ಲಿ ಅವರ ಹೆಸರೂ ಬರಲೇಬೇಕು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಅಂತ ಕಾನೂನು ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಮದುವೆಯಾಗಿ ಹೋದವರು ಅಂತ ಹೆಸರು ಬಿಟ್ಟು ವಂಶಾವಳಿ ಮಾಡಿಸುವವರನ್ನು ನಾನು ಬಹಳ ನೋಡಿದ್ದೇನೆ. ಅದು ಅನ್ಯಾಯ. ಮುಂದೆ ಹತ್ತು ವರ್ಷ ಕೋರ್ಟಿಗೆ ಅಲೆಯುವ ದಾರಿಯೂ ಹೌದು. ಅವರನ್ನು ಕರೆದು ಕೂರಿಸಿ ಮಾತಾಡಿ. ಎಲ್ಲರ ಹೆಸರಿಗೆ ಜಂಟಿ ಖಾತೆ ಆದ ಮೇಲೆ, ಎಲ್ಲರೂ ಒಪ್ಪಿದ ಹಾಗೆ ವಾಟ್ನಿ (ಪಾಲು) ಮಾಡಿಕೊಂಡು ನೋಂದಣಿ ಮಾಡಿಸಿ. ಒಂದೇ ಸರ್ವೆ ನಂಬರ್ ಒಡೆಯುವುದಿದ್ದರೆ 11ಇ ನಕ್ಷೆ ಬೇಕಾಗುತ್ತದೆ, ಅದಕ್ಕೆ ಮೊದಲೇ ಅರ್ಜಿ ಹಾಕಿಡಿ. ಜಂಟಿ ಖಾತೆಯಲ್ಲೇ ನಿಂತುಬಿಟ್ಟರೆ ಪರಿಹಾರ ಬಂದಾಗಲೆಲ್ಲ ಯಾರ ಪಾಲು ಎಷ್ಟು ಅನ್ನುವ ತಂಟೆ ಇದ್ದೇ ಇರುತ್ತದೆ.

ಪಹಣಿ ಕೈಗೆ ಬಂದ ಕೂಡಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಫ್‌ಐಡಿ ಮಾಡಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಸಾಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣ ಪತ್ರವನ್ನೂ ಒಯ್ಯಿರಿ. ಈ ಎಫ್‌ಐಡಿ ಪರಿಹಾರಕ್ಕೆ ಮಾತ್ರ ಬೇಕಾದದ್ದಲ್ಲ. ರಿಯಾಯಿತಿ ದರದ ಬೀಜ, ಬೆಂಬಲ ಬೆಲೆಗೆ ಕಡಲೆ ಮಾರುವುದು, ಬೆಳೆ ವಿಮೆ ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ.

ಎಫ್‌ಐಡಿ ಇದ್ದರೂ ಅರ್ಧ ಹಣ ತಪ್ಪುವುದು ಹೇಗೆ ಅನ್ನುವುದಕ್ಕೆ ನಿಮ್ಮ ಮನೆಯವರ 2 ಎಕರೆಯೇ ಉದಾಹರಣೆ. ಎಫ್‌ಐಡಿ ಒಬ್ಬರಿಗೆ ಒಂದೇ. ಆದರೆ ಅದರ ಕೆಳಗೆ ಅವರ ಪ್ರತಿಯೊಂದು ಸರ್ವೆ ನಂಬರನ್ನೂ ಸೇರಿಸಿರಬೇಕು. ಬಹಳ ಜನ ಮೊದಲು ನೋಂದಣಿ ಮಾಡಿಸುವಾಗ ಕೈಯಲ್ಲಿದ್ದ ಒಂದು ಪಹಣಿ ಕೊಟ್ಟು ಬಂದಿರುತ್ತಾರೆ. ಉಳಿದದ್ದು ತಾನಾಗೇ ಸೇರುತ್ತದೆ ಅಂದುಕೊಂಡಿರುತ್ತಾರೆ. ಸೇರುವುದಿಲ್ಲ. ನಿಮ್ಮ ಮನೆಯವರ ಎಫ್‌ಐಡಿ ತೆಗೆಸಿ ನೋಡಿ. ಎರಡೂ ನಂಬರ್ ಇಲ್ಲದಿದ್ದರೆ ಕಾರಣ ಸಿಕ್ಕಿತು, ಅಲ್ಲೇ ಸೇರಿಸಬಹುದು.

ಎರಡೂ ಇದ್ದರೆ? ಆಗ ಅನುಮಾನ ಬೆಳೆ ಸಮೀಕ್ಷೆಯ ಮೇಲೆ. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರು ಬೆಳೆಯುವ ನಿಮ್ಮ ಸೀಮೆಗೆ ಇದು ಬೇರೆಯವರಿಗಿಂತ ಜಾಸ್ತಿ ತಟ್ಟುತ್ತದೆ.

ಸಮೀಕ್ಷೆ ಮಾಡುವುದು ಊರಿನವರೇ ಆದ ಒಬ್ಬ ಹುಡುಗ. ಪಿಆರ್ ಅನ್ನುತ್ತಾರೆ. ಮೊಬೈಲ್ ಆ್ಯಪ್ ಹಿಡಿದು ಹೊಲಕ್ಕೆ ಬಂದು ಫೋಟೋ ತೆಗೆದು, ಬೆಳೆ ಯಾವುದು ಅಂತ ನಮೂದಿಸುತ್ತಾನೆ. ಅದೇ ಪಹಣಿಯ ಬೆಳೆ ಕಾಲಂಗೂ ಬರುತ್ತದೆ. ಜೋಳ, ಹತ್ತಿ, ಗೋವಿನಜೋಳ ಬೆಳೆಯುವವರಿಗೆ ತೊಂದರೆ ಇಲ್ಲ, ನಾಲ್ಕೈದು ತಿಂಗಳು ಬೆಳೆ ಹೊಲದಲ್ಲಿ ನಿಂತಿರುತ್ತದೆ. ಹೆಸರು ಹಾಗಲ್ಲ. ಜೂನಿನಲ್ಲಿ ಬಿತ್ತಿದರೆ ಆಗಸ್ಟಿನಲ್ಲಿ ಮುಗಿಯಿತು, ಎಪ್ಪತ್ತು ದಿನದ ಬೆಳೆ. ಬರಗಾಲದಲ್ಲಿ ಇನ್ನೂ ಬೇಗ ಒಣಗುತ್ತದೆ. ಒಣಗಿದ್ದನ್ನು ಯಾರೂ ಇಟ್ಟುಕೊಂಡು ಕೂರುವುದಿಲ್ಲ. ಹರಗಿ, ಹಿಂಗಾರಿ ಕಡಲೆಗೋ ಬಿಳಿಜೋಳಕ್ಕೋ ಹೊಲ ಹದ ಮಾಡುತ್ತಾರೆ. ಆಮೇಲೆ ಸಮೀಕ್ಷೆಯವರು ಬಂದರೆ ಅವರ ಕಣ್ಣಿಗೆ ಕಾಣುವುದು ಬರೀ ಮಣ್ಣು. ಬೀಳು ಅಂತ ಬರೆದು ಹೋಗುತ್ತಾರೆ. ಬೀಳು ಬಿದ್ದ ಹೊಲಕ್ಕೆ ಬೆಳೆ ಹಾನಿ ಎಲ್ಲಿಂದ ಬರಬೇಕು?

ಇದು ನಮ್ಮ ಮನೆಯಲ್ಲೇ ಆಗಿದೆ. ನಾನು ಕೃಷಿ ಇಲಾಖೆಯಲ್ಲಿ ಬದುಕು ಕಳೆದವನು. ಎಷ್ಟೋ ರೈತರಿಗೆ ಸಮೀಕ್ಷೆ ನೋಡಿಕೊಳ್ಳಿ ಅಂತ ಹೇಳಿದವನು. ಊರಲ್ಲಿ ನಮ್ಮಣ್ಣ ಮಾಡುವ 3 ಎಕರೆಯನ್ನು ಒಂದು ವರ್ಷ ಹೀಗೇ ಬೀಳು ಅಂತ ಬರೆದಿದ್ದರು. ಅಣ್ಣ ಹೆಸರು ಕಿತ್ತು, ಹರಗಿ ಹದಿನೈದು ದಿನ ಆಗಿತ್ತು. ಪರಿಹಾರದ ಹೊತ್ತಿಗೆ ನೋಡಿದಾಗ ಆಕ್ಷೇಪಣೆಯ ದಿನ ದಾಟಿಹೋಗಿತ್ತು. ಅಣ್ಣ ನನ್ನನ್ನು ಏನೂ ಅನ್ನಲಿಲ್ಲ. ಅವತ್ತಿನಿಂದ ಯಾರೇ ಪರಿಹಾರದ ವಿಷಯ ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ: ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ, ನೋಡಿದ್ದೀರಾ?

ಇದಕ್ಕೆ ದಾರಿ ಇದೆ. ರೈತರೇ ಸಮೀಕ್ಷೆ ಮಾಡಿಕೊಳ್ಳುವ ಆ್ಯಪ್ ಇದೆ, 2020ರ ಮುಂಗಾರಿನಿಂದ ಬಂದಿದೆ. ಹೆಸರು ಹೂ ಬಿಡುವ ಹೊತ್ತಿಗೆ ನೀವೇ ಹೊಲದಲ್ಲಿ ನಿಂತು ಫೋಟೋ ಹಾಕಿ. ನಿಮಗೆ ಆಗದಿದ್ದರೆ ಓದುವ ಮಕ್ಕಳ ಕೈಯಲ್ಲಿ ಮಾಡಿಸಿ. ಸಾಲಿನ ಮಧ್ಯೆ ತೊಗರಿ ಅಕ್ಕಡಿ ಹಾಕಿದ್ದರೆ ಅದನ್ನೂ ಸೇರಿಸಿ. ಹಾಕಿದ ಮೇಲೆ ಬೆಳೆ ದರ್ಶಕ್ ಅನ್ನುವ ಇನ್ನೊಂದು ಆ್ಯಪ್‌ನಲ್ಲಿ ಸರ್ವೆ ನಂಬರ್ ಕೊಟ್ಟು ಏನು ದಾಖಲಾಗಿದೆ ನೋಡಿ. ಪಿಆರ್ ತೆಗೆದ ಫೋಟೋನೂ ಅಲ್ಲಿ ಕಾಣುತ್ತದೆ. ತಪ್ಪಿದ್ದರೆ ಅಲ್ಲಿಂದಲೇ ಆಕ್ಷೇಪಣೆ ಹಾಕಬಹುದು. ಆದರೆ ಅದಕ್ಕೆ ಕೊನೆಯ ದಿನ ಇರುತ್ತದೆ. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಅಂತ ಬಿಟ್ಟರೆ ನಮ್ಮಣ್ಣನ ಹಾಗೇ ಆಗುತ್ತದೆ.

ಇನ್ನು ಕಿಸಾನ್ ಸಮ್ಮಾನ್. ಇದು ಬೇರೆಯದೇ ಹಣ. ಬೆಳೆ ಬರಲಿ, ಹೋಗಲಿ, ಹೊಲ ಇದ್ದವರಿಗೆ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. 2019ರ ಫೆಬ್ರವರಿಯಲ್ಲಿ ಶುರುವಾದಾಗ 2 ಹೆಕ್ಟೇರಿನ ಒಳಗಿನವರಿಗೆ ಮಾತ್ರ ಇತ್ತು. ಆ ವರ್ಷವೇ ಎಲ್ಲಾ ಹಿಡುವಳಿದಾರರಿಗೂ ವಿಸ್ತರಿಸಿದರು. ಮೊದಲು ರಾಜ್ಯವೂ ಇದಕ್ಕೆ 4,000 ಸೇರಿಸುತ್ತಿತ್ತು. 2023ರಲ್ಲಿ ಅದು ನಿಂತಿತು. ಅದಕ್ಕಾಗಿ ಈಗ ಕಾಯಬೇಡಿ.

ನಿಮ್ಮ ಮನೆಯವರಿಗೆ ನಿಂತ ಸಮಯವೇ ಕಾರಣ ಹೇಳುತ್ತದೆ. 2022ರ ಅಕ್ಟೋಬರಿನಲ್ಲಿ 12ನೇ ಕಂತು ಬಂತು. ಆ ಹೊತ್ತಿಗೆ ತಪಾಸಣೆ ಬಿಗಿಯಾಯಿತು, ದೇಶದ ತುಂಬಾ ಬಹಳ ಜನರ ಹಣ ನಿಂತಿತು. ಮೂರು ವಿಷಯ ನೋಡುತ್ತಾರೆ: ಭೂ ದಾಖಲೆ ಜೋಡಣೆ, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಖಾತರಿ), ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ. ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಮೂರರಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ತೋರಿಸುತ್ತದೆ.

ನೋಡುವ ಮೊದಲೇ ನನ್ನ ಊಹೆ ಹೇಳುತ್ತೇನೆ. ಅವರಿಗೆ ಗೃಹಲಕ್ಷ್ಮಿ ಹಣ ಬರುತ್ತಿದೆ ಅಂದಿರಿ. ಅದೂ ಆಧಾರ್ ಮೂಲಕವೇ ಬರುವ ಹಣ. ಹಾಗಾಗಿ ಬ್ಯಾಂಕ್ ಜೋಡಣೆ ಸರಿ ಇದೆ, ಬ್ಯಾಂಕಿಗೆ ಅಲೆಯಬೇಕಾಗಿಲ್ಲ. ಪರಿಹಾರ ಒಂದು ಎಕರೆಗಾದರೂ ಬಂದಿದೆ, ಅಂದರೆ ಅವರ ಹೆಸರಿಗೆ ಹೊಲ ಇರುವುದೂ ದಾಖಲೆಯಲ್ಲಿದೆ. ಉಳಿದದ್ದು ಇ-ಕೆವೈಸಿ. ಬಹುಶಃ ಅದೇ ಆಗಿಲ್ಲ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿ ಸಾಕು. ಇಲ್ಲದಿದ್ದರೆ ಸಾಮಾನ್ಯ ಸೇವಾ ಕೇಂದ್ರಕ್ಕೆ (ಸಿಎಸ್‌ಸಿ) ಹೋಗಿ ಹೆಬ್ಬೆಟ್ಟು ಕೊಡಬೇಕು. ಹೊಲದ ಕೆಲಸ ಮಾಡಿ ಬೆರಳಿನ ಗೆರೆ ಸವೆದವರಿಗೆ ಹೆಬ್ಬೆಟ್ಟು ಹತ್ತುವುದಿಲ್ಲ, ಹೆಣ್ಣುಮಕ್ಕಳಲ್ಲಿ ಇದು ಬಹಳ. ಅಂಥವರಿಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಿಸುವ ವ್ಯವಸ್ಥೆ ಇದೆ. ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಕಿಸಾನ್ ಹೆಸರಿನಲ್ಲಿ ಬರುವ ಫೈಲ್ ಒತ್ತಿ ಖಾತೆ ಖಾಲಿಯಾದವರಿದ್ದಾರೆ. ಏನೂ ದಾರಿ ಕಾಣದಿದ್ದರೆ 155261ಕ್ಕೆ ಫೋನ್ ಮಾಡಬಹುದು.

ಒಂದು ವಿಷಯ ಈಗಲೇ ತಿಳಿದಿರಲಿ. ಅಪ್ಪನ ಹೊಲ ನಿಮ್ಮ ಹೆಸರಿಗೆ ಬಂದ ಮೇಲೆ ನೀವೂ ಕಿಸಾನ್ ಹಣಕ್ಕೆ ಅರ್ಜಿ ಹಾಕಬೇಡಿ. ಈ ಯೋಜನೆಯಲ್ಲಿ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಸೇರಿ ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಂದೇ ಹಣ. ಇಬ್ಬರೂ ತೆಗೆದುಕೊಂಡರೆ ಮುಂದೆ ವಾಪಸ್ ಕೇಳುತ್ತಾರೆ. ನಿಮ್ಮ ಅಣ್ಣ ಹಾಕಬಹುದು. 2019ರ ಫೆಬ್ರವರಿ 1ರ ನಂತರ ಕೊಂಡ ಹೊಲಕ್ಕೆ ಈ ಹಣ ಇಲ್ಲ, ಆದರೆ ಹಿರಿಯರು ತೀರಿಕೊಂಡು ವಾರಸಿನಿಂದ ಬಂದ ಹೊಲಕ್ಕೆ ಆ ನಿರ್ಬಂಧ ಇಲ್ಲ. ಅವರ ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಇರಬಾರದು. ನೌಕರರಲ್ಲಿ ಡಿ ದರ್ಜೆಯವರಿಗೆ ಮಾತ್ರ ವಿನಾಯಿತಿ ಇದೆ.

ಬ್ಯಾಂಕಿನ ವಿಷಯ ನಿಮ್ಮ ಮನೆಯವರಿಗೆ ಬೇಡ, ಆದರೆ ನಿಮಗೆ ಮತ್ತು ಅಣ್ಣನಿಗೆ ಬೇಕಾಗುತ್ತದೆ. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಸರ್ಕಾರದ ಹಣ ಆ ಖಾತೆಗೆ ಬರುವುದಿಲ್ಲ. ಯಾವ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅನ್ನುವ ಎನ್‌ಪಿಸಿಐ ಪಟ್ಟಿಯಲ್ಲಿ ನಿಮ್ಮ ಆಧಾರ್ ಮುಂದೆ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ ಹೋಗುತ್ತದೆ. ಕೊನೆಯದಾಗಿ ಯಾವುದನ್ನು ಜೋಡಿಸಿದ್ದೀರೋ ಅದು. ಯಾವಾಗಲೋ ಮೊಬೈಲ್ ಅಂಗಡಿಯಲ್ಲಿ ತೆರೆದ ಖಾತೆಗೆ ಎರಡು ವರ್ಷದ ಹಣ ಹೋಗಿ ಕೂತಿದ್ದನ್ನು ನಾನು ಕಂಡಿದ್ದೇನೆ. ಹಣ ಬಂದಿಲ್ಲ ಅಂತ ಆ ರೈತರು ತಿಂಗಳುಗಟ್ಟಲೆ ಅಲೆದಿದ್ದರು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಹಣ, ಯಾವತ್ತು, ಯಾವ ಖಾತೆಗೆ ಹೋಯಿತು ಅಂತ ನೋಡಬಹುದು. ಕಿಸಾನ್ ಕಂತೂ 2,000, ಗೃಹಲಕ್ಷ್ಮಿಯೂ 2,000 ಆಗಿರುವುದರಿಂದ ಯಾವುದು ಬಂತು, ಯಾವುದು ಬರಲಿಲ್ಲ ಅನ್ನುವುದು ಮೆಸೇಜ್ ನೋಡಿ ಗೊತ್ತಾಗುವುದಿಲ್ಲ. ಅಲ್ಲಿ ಬೇರೆಬೇರೆಯಾಗಿ ಕಾಣುತ್ತದೆ.

ಬಂದ ಪರಿಹಾರವನ್ನು ಬ್ಯಾಂಕಿನವರು ಹಳೆಯ ಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಡಿ. 2024ರಲ್ಲಿ ಹೀಗೆ ಮಾಡಿದ ದೂರು ಹಲವು ಕಡೆ ಬಂತು. ಹಾಗೆ ಮಾಡಬಾರದು ಅಂತ ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ಸೂಚನೆ ಕೊಟ್ಟರು. ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೊಡಿ, ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ.

ವಿಮೆಯ ಬಗ್ಗೆ ನೀವು ಕೇಳಿಲ್ಲ. ಆದರೂ ಎರಡು ಮಾತು. ಪರಿಹಾರ ಬೇರೆ, ಫಸಲ್ ಬಿಮಾ ಬೇರೆ, ಒಂದು ಬಂದರೆ ಇನ್ನೊಂದು ಬರುವುದಿಲ್ಲ ಅನ್ನುವುದು ತಪ್ಪು. ಧಾನ್ಯ, ಬೇಳೆಕಾಳು, ಎಣ್ಣೆಕಾಳು ಬೆಳೆಗಳಾದರೆ ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5 ರೈತರು ಕಟ್ಟಬೇಕು. ಇಲ್ಲಿ ನಿಮ್ಮ ಒಂದು ಹೊಲ ಲೆಕ್ಕಕ್ಕಿಲ್ಲ. ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯ ಇಳುವರಿ ನೋಡುತ್ತಾರೆ, ಉಳಿದವಕ್ಕೆ ಹೋಬಳಿಯದ್ದು. ಆಲಿಕಲ್ಲು ಬೀಳುವುದು, ಹೊಲದಲ್ಲಿ ನೀರು ನಿಲ್ಲುವುದು, ಇಂಥ ಹಾನಿ ಆದಾಗ ಮಾತ್ರ ನಿಮ್ಮ ಹೊಲದ ಲೆಕ್ಕ. ಅದಕ್ಕೆ 72 ಗಂಟೆಯ ಒಳಗೆ ತಿಳಿಸಬೇಕು, 14447 ನಂಬರಿಗೆ. ವಿಮೆಯಲ್ಲಿ ಹೆಸರು ಬೆಳೆ ಅಂತ ಬರೆಸಿ ಸಮೀಕ್ಷೆಯಲ್ಲಿ ಬೀಳು ಅಂತ ಬಂದರೆ ಆ ಅರ್ಜಿಯೂ ತಿರಸ್ಕಾರ ಆಗುತ್ತದೆ. ನೋಡಿ, ಮತ್ತೆ ಅದೇ ಸಮೀಕ್ಷೆಗೆ ಬಂದು ನಿಂತೆವು.

ಲಾವಣಿ. ನಿಮಗೆ ಇಷ್ಟವಾಗುವ ಉತ್ತರ ನನ್ನ ಹತ್ತಿರ ಇಲ್ಲ. ಸೋದರಮಾವನ 4 ಎಕರೆಯ ಪರಿಹಾರ ಅವರ ಖಾತೆಗೇ ಹೋಗುತ್ತದೆ. ಕಿಸಾನ್ ಹಣವೂ ಅವರದ್ದೇ. ಬೀಜ ನಿಮ್ಮದು, ಗೊಬ್ಬರ ನಿಮ್ಮದು, ಸಾಲ ನಿಮ್ಮದು, ಲಾವಣಿ ಹಣವನ್ನೂ ಮುಂಗಡ ಕೊಟ್ಟಿರುತ್ತೀರಿ. ಬೆಳೆ ಹೋದರೆ ಹೋದದ್ದು ನಿಮ್ಮದು. ಪರಿಹಾರ ಮಾತ್ರ ಉತಾರದಲ್ಲಿ ಹೆಸರಿದ್ದವರದ್ದು.

ಇದರ ಬೇರು ನಮ್ಮ ಕಾನೂನಿನಲ್ಲೇ ಇದೆ. ಉಳುವವನೇ ಹೊಲದೊಡೆಯ ಅಂತ ದೇವರಾಜ ಅರಸು ಅವರ ಕಾಲದಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದರು. 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಗೇಣಿದಾರರು ಒಡೆಯರಾದರು. ದೊಡ್ಡ ಕೆಲಸ ಅದು, ಎಷ್ಟೋ ಮನೆಗಳು ಅದರಿಂದ ಬದುಕಿದವು. ಅದರ ಜೊತೆಗೇ, ಸೈನಿಕರು ಮತ್ತು ಹಡಗಿನಲ್ಲಿ ದುಡಿಯುವವರ ಹೊಲ ಬಿಟ್ಟು, ಕೃಷಿ ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧಿಸಿದರು. ಲಾವಣಿ ನಿಂತಿತೇ? ನಿಲ್ಲಲಿಲ್ಲ. ಕಾಗದ ಇಲ್ಲದೆ ನಡೆಯಿತು. ಇವತ್ತು ಊರು ಬಿಟ್ಟು ಹುಬ್ಬಳ್ಳಿ, ಬೆಂಗಳೂರು ಸೇರಿದವರ ಹೊಲ, ವಯಸ್ಸಾದವರ ಹೊಲ, ವಿಧವೆಯರ ಹೊಲ ಎಲ್ಲಾ ಮಾಡುತ್ತಿರುವುದು ನಿಮ್ಮಂಥವರೇ. ಸರ್ಕಾರಕ್ಕೆ ನೀವು ಕಾಣುವುದೇ ಇಲ್ಲ. ಫಸಲ್ ಬಿಮಾ ನಿಯಮದಲ್ಲಿ ಗೇಣಿ ರೈತರೂ ಸೇರಬಹುದು ಅಂತ ಇದೆ, ಆದರೆ ಕರಾರು ಪತ್ರ ಕೇಳುತ್ತಾರೆ. ಕಾನೂನೇ ಒಪ್ಪದ ಕರಾರಿಗೆ ಯಾರು ಸಹಿ ಹಾಕುತ್ತಾರೆ?

ಬೇರೆ ರಾಜ್ಯಗಳು ಇದಕ್ಕೆ ದಾರಿ ಹುಡುಕಿವೆ. ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು 11 ತಿಂಗಳ ಕಾರ್ಡ್ ಕೊಡುವ ವ್ಯವಸ್ಥೆ ಮಾಡಿದರು. ಆ ಕಾರ್ಡ್ ಇದ್ದರೆ ಮಾಲೀಕರ ಹಕ್ಕಿಗೆ ಧಕ್ಕೆ ಇಲ್ಲ, ಬೆಳೆದವರಿಗೆ ಸಾಲ, ವಿಮೆ, ಪರಿಹಾರ ಕೇಳಲು ಒಂದು ಆಧಾರ ಸಿಗುತ್ತದೆ. ಒಡಿಶಾ ತನ್ನ ಕಾಲಿಯಾ ಯೋಜನೆಯಲ್ಲಿ ಪಾಲುದಾರ ರೈತರನ್ನೂ ಭೂಮಿ ಇಲ್ಲದವರನ್ನೂ ಸೇರಿಸಿತು. ನಮ್ಮಲ್ಲಿ ಪ್ರತಿ ಸರ್ವೆ ನಂಬರಿನ ಬೆಳೆಯ ಫೋಟೋ ತೆಗೆಯುವ ವ್ಯವಸ್ಥೆ ಈಗಾಗಲೇ ಇದೆ. ಬೆಳೆ ಯಾವುದು ಅಂತ ಬರೆಯುವ ಕಡೆ ಬೆಳೆದವರು ಯಾರು ಅಂತಲೂ ಬರೆಯಬಹುದು. ಕರ್ನಾಟಕ ಇದನ್ನು ಮಾಡಲೇಬೇಕು ಅಂತ ನಾನು ನಂಬಿದ್ದೇನೆ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದೇ. ಬಿತ್ತನೆಗೆ ಮೊದಲು, ಲಾವಣಿ ಮಾತಾಡುವ ದಿನವೇ, ಪರಿಹಾರ ಬಂದರೆ ಹೇಗೆ ಅಂತ ಮಾಮನ ಹತ್ತಿರ ಮಾತಾಡಿ. ಬೆಳೆ ಹೋದ ಮೇಲೆ ಈ ಮಾತು ಎತ್ತಿದರೆ ಸಂಬಂಧ ಕೆಡುತ್ತದೆ. ಪರಿಹಾರ ಬಂದಷ್ಟನ್ನು ಲಾವಣಿಯಲ್ಲಿ ಮುರಿದುಕೊಳ್ಳುವುದು ಅಂತ ಹಲವು ಊರುಗಳಲ್ಲಿ ಮಾಡಿಕೊಂಡಿದ್ದಾರೆ, ಅದು ಒಳ್ಳೆಯ ಪದ್ಧತಿ. ಜೊತೆಗೆ ಮಾಮನ ಎಫ್‌ಐಡಿಗೆ ಆ 4 ಎಕರೆ ಜೋಡಣೆ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಅವರಿಗೂ ಇಲ್ಲ, ನಿಮಗೂ ಇಲ್ಲ.

ಕೊನೆಗೆ, 2023ರ ಬಾಕಿ. ಅಪ್ಪನ 7 ಎಕರೆಯ ಹಣಕ್ಕೆ ಈಗ ಆಸೆ ಇಟ್ಟುಕೊಳ್ಳಬೇಡಿ. ಆಗ ಆ ಹೊಲಕ್ಕೆ ದಾಖಲೆಯಲ್ಲಿ ಬದುಕಿರುವ ಮಾಲೀಕರೇ ಇರಲಿಲ್ಲ. ಆದರೆ ನಿಮ್ಮ ಮನೆಯವರ ಆ ಇನ್ನೊಂದು ಎಕರೆಯದ್ದು ಬೇರೆ ಮಾತು. ಪಹಣಿ ಅವರದ್ದೇ, ಎಫ್‌ಐಡಿ ಆಗಲೇ ಇತ್ತು, ಬೆಳೆಯೂ ಇತ್ತು. ಮೊದಲು ಬೆಳೆ ದರ್ಶಕ್‌ನಲ್ಲಿ ಆ ವರ್ಷದ ಮುಂಗಾರಿನ ದಾಖಲೆ ತೆಗೆಸಿ. ಅದರಲ್ಲಿ ಹೆಸರು ಬೆಳೆ ಅಂತ ಇದ್ದರೆ, ಆ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಮೂರನ್ನೂ ಸೇರಿಸಿ ತಹಶೀಲ್ದಾರರಿಗೆ ಅವರ ಹೆಸರಿನಲ್ಲೇ ಅರ್ಜಿ ಬರೆಯಿರಿ. ಒಟ್ಟು ಕೇಳಬೇಡಿ. ಇಂಥ ಸರ್ವೆ ನಂಬರ್, 1 ಎಕರೆ, 3,440 ರೂಪಾಯಿ ಅಂತ ಬರೆಯಿರಿ. ಸ್ವೀಕೃತಿ ಪಡೆಯದೆ ಅಲ್ಲಿಂದ ಬರಬೇಡಿ.